ಸ್ಕೀ ಬಾರದವರಿಗೂ ಹಿಮದಲ್ಲಿ ಜಾಗವಿದೆ, ಗಿರಿ ಹತ್ತಲಾರದವರಿಗೆ ನಮ್ಮಲ್ಲಿ?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ಇದೇ ಓದುಗರ ಅಂಕಣದಲ್ಲಿ ಒಬ್ಬರು ಕಾಶ್ಮೀರದ ಗುಲ್ಮಾರ್ಗ್ ಬಗ್ಗೆ ಬರೆದಿದ್ದರು. ಅಂಥ ಹಿಮದ ಊರು ಸ್ಕೀ ಆಡುವ, ಅಂದರೆ ಕಾಲಿಗೆ ಉದ್ದ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವ, ದುಡ್ಡಿದ್ದವರಿಗೆ ಮಾತ್ರ, ಉಳಿದವರು ಚಳಿಯಲ್ಲಿ ನಡುಗಿ ಫೋಟೊ ತೆಗೆಸಿಕೊಂಡು ಬರಬೇಕಷ್ಟೆ ಅನ್ನುವುದು ಅವರ ಮಾತು. ಓದಿ ಸುಮ್ನೆ ಇರಲು ನನಗೆ ಆಗಲಿಲ್ಲ. ಅವರ ಅನುಭವ ಹಾಗಿದ್ದಿರಬಹುದು. ನಮ್ಮ ಮನೆಯ ಅನುಭವ ಹಾಗಿರಲಿಲ್ಲ. ಅದನ್ನು ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ನಮ್ಮ ಚಿಕ್ಕಮಗಳೂರಿಗೆ ಸಂಬಂಧಪಟ್ಟದ್ದು.

ನಾನು ಮುಳ್ಳಯ್ಯನಗಿರಿಯ ದಾರಿಯಲ್ಲಿರುವ ಕೈಮರದ ಹತ್ತಿರ ಮೂರು ಕೋಣೆಯ ಚಿಕ್ಕ ಹೋಂಸ್ಟೇ ನಡೆಸುತ್ತೇನೆ. ಮನೆ ಹಿಂದೆ ನಾಲ್ಕು ಎಕರೆ ಅರೇಬಿಕಾ ಕಾಫಿ ತೋಟ ಇದೆ. 2024ರ ಫೆಬ್ರವರಿ ಎರಡನೇ ವಾರ, ಕೊಯ್ಲು ಮುಗಿದು, ಕಾಫಿ ಹೂ ಅರಳಲು ಬೇಕಾದ ಹೂ ಮಳೆಗೆ ಇನ್ನೂ ದಿನ ಇದ್ದಾಗ, ಮನೆಗೆ ಬೀಗ ಹಾಕಿ ಆರು ಜನ ಗುಲ್ಮಾರ್ಗ್‌ಗೆ ಹೊರಟೆವು. ನಮ್ಮ ಅತ್ತೆಗೆ ಆಗ 78 ವರ್ಷ, ಎರಡೂ ಮಂಡಿ ನೋವು. ಮನೆಯವರಿಗೆ ಬಿಪಿ. ಮಗ, ಸೊಸೆ ಬೆಂಗಳೂರಿನಲ್ಲಿ ಕೆಲಸ ಮಾಡುವವರು, ಸ್ಕೀ ಕಲಿಯಲೇಬೇಕು ಅಂತ ಹಟ ಹಿಡಿದವರು. ಮೊಮ್ಮಗಳಿಗೆ ಆರು ವರ್ಷ. ನಾನು ಎಲ್ಲರನ್ನೂ ನೋಡಿಕೊಳ್ಳುವವಳು. ಆರು ಜನಕ್ಕೂ ಬೇಕಾಗಿದ್ದು ಬೇರೆ ಬೇರೆ. ಹೋಗುವ ಮುಂಚೆ ನನಗಿದ್ದ ಭಯವೂ ಅದೇ. ಒಬ್ಬರ ಖುಷಿಗೆ ಐದು ಜನ ಕಾಯುತ್ತಾ ಕೂರುವ ಪ್ರವಾಸ ಆಗಬಾರದಲ್ಲ.

ಎತ್ತರದ ಮಾತು ಮೊದಲು ಹೇಳಿಬಿಡುತ್ತೇನೆ. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರ ಇಲ್ಲ. ಗುಲ್ಮಾರ್ಗ್‌ನ ಬಯಲೇ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಅಂದರೆ ನಮ್ಮ ಗಿರಿಯ ತುದಿಗಿಂತ ಅವರ ಅಂಗಳ 700 ಮೀಟರ್ ಮೇಲೆ. ಅಲ್ಲಿಂದ ಗೊಂಡೊಲ ಎನ್ನುವ ಕೇಬಲ್ ಕಾರು ಎರಡು ಹಂತದಲ್ಲಿ ಮೇಲೆ ಹೋಗುತ್ತದೆ. ಮೊದಲ ಹಂತ ಕೊಂಗ್ಡೂರಿ ತನಕ, ಅದು 3,000 ಮೀಟರ್ ದಾಟಿದ ಜಾಗ. ಎರಡನೆಯದು ಅಫರ್ವತ್ ಬೆಟ್ಟದ ಹೆಗಲಿನ ತನಕ, ಹತ್ತಿರ ಹತ್ತಿರ 4,000 ಮೀಟರ್. ಎರಡು ಮುಳ್ಳಯ್ಯನಗಿರಿಯನ್ನು ಒಂದರ ಮೇಲೊಂದು ಇಟ್ಟ ಹಾಗೆ. ಯುರೋಪಿನ ಅತಿ ಎತ್ತರದ ಸ್ಕೀ ಊರು ಅಂತ ಹೆಸರಾದ ಫ್ರಾನ್ಸ್‌ನ ವಾಲ್ ತೊರಾನ್ಸ್ ಕೂಡ 2,300 ಮೀಟರ್‌ನಲ್ಲಿದೆ ಅಂತ ಮಗ ಹೇಳಿದ.

ಇಷ್ಟು ಎತ್ತರದಲ್ಲಿ ಅವಸರ ಮಾಡಬಾರದು. ನಮ್ಮ ಮಗ ಮಾಡಿದ. ಶ್ರೀನಗರದಿಂದ ಬೆಳಿಗ್ಗೆ ಬಂದವನು ಮಧ್ಯಾಹ್ನವೇ ಎರಡನೇ ಹಂತಕ್ಕೆ ಹೋದ. ಅರ್ಧ ಗಂಟೆಯಲ್ಲಿ ತಲೆ ಸಿಡಿಯುವ ನೋವು, ವಾಕರಿಕೆ. ಕೆಳಗೆ ಇಳಿದು ಮಲಗಿದ ಮೇಲೆ ಸರಿಹೋಯಿತು. ಎರಡನೇ ಹಂತದ ಎತ್ತರದಲ್ಲಿ ಗಾಳಿ ತೆಳು. ಸಮುದ್ರ ಮಟ್ಟದಲ್ಲಿ ಸಿಗುವ ಆಮ್ಲಜನಕದ ಮೂರರಲ್ಲಿ ಎರಡು ಪಾಲೂ ಪೂರ್ತಿ ಸಿಗುವುದಿಲ್ಲ. ಮೊದಲ ದಿನ ಸುಮ್ನೆ ಕೂತು, ನೀರು ಕುಡಿದು, ನಿಧಾನವಾಗಿ ಓಡಾಡುವುದೇ ಒಳ್ಳೆಯದು. ಬಿಪಿ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಎರಡನೇ ಹಂತಕ್ಕೆ ಹೋಗಲೇಬೇಡಿ. ನಮ್ಮ ಮನೆಯವರು ಹೋಗಲಿಲ್ಲ. ಹೋಗದೆ ಏನೂ ಕಳೆದುಕೊಳ್ಳಲೂ ಇಲ್ಲ. ದಿನಾ ಬೆಳಿಗ್ಗೆ ಪೈನ್ ಮರಗಳ ಪಕ್ಕದ ರಸ್ತೆಯಲ್ಲಿ ಒಬ್ಬರೇ ನಡೆದು ಬರುತ್ತಿದ್ದರು. ಮೂರನೇ ದಿನ ಮೋಡ ಸರಿದಾಗ ದೂರದಲ್ಲಿ ನಂಗಾ ಪರ್ಬತ್ ಕಂಡಿತು ಅಂತ ಓಡೋಡಿ ಬಂದು ನಮ್ಮನ್ನು ಎಬ್ಬಿಸಿದರು. 8,126 ಮೀಟರ್ ಎತ್ತರದ ಬೆಟ್ಟ ಅದು. ಅರವತ್ತು ದಾಟಿದವರ ಮುಖದಲ್ಲಿ ಅಂಥ ಸಂತೋಷ ನೋಡುವುದೇ ಒಂದು ಭಾಗ್ಯ.

ಸ್ಕೀ ಕಲಿಯುವವರ ವಿಷಯ. ಬೇಸಿಗೆಯಲ್ಲಿ ಗಾಲ್ಫ್ ಆಡುವ ಹುಲ್ಲಿನ ಬಯಲು ಚಳಿಗಾಲದಲ್ಲಿ ಪೂರಾ ಹಿಮ. ಅಲ್ಲಿನ ಸಣ್ಣ ಇಳಿಜಾರಿನಲ್ಲಿ ಹೊಸಬರಿಗೆ ಪಾಠ. ಮೊದಲ ದಿನ ಜಾರುವುದೇ ಇಲ್ಲ. ಗಟ್ಟಿ ಬೂಟು ಹಾಕಿಕೊಂಡು ಸಮ ನೆಲದಲ್ಲಿ ನಡೆಯುವುದು, ಬಿದ್ದರೆ ಏಳುವುದು, ಅಡ್ಡಡ್ಡವಾಗಿ ಹೆಜ್ಜೆ ಇಟ್ಟು ದಿಬ್ಬ ಹತ್ತುವುದು. ಆಮೇಲೆ ನಿಲ್ಲುವುದನ್ನು ಕಲಿಸುತ್ತಾರೆ. ಸ್ಕೀ ಪಟ್ಟಿಗಳ ಮುಂದಿನ ತುದಿ ಹತ್ತಿರ ತಂದು, ಹಿಂದಿನ ತುದಿ ಅಗಲಿಸಿ, ಹಿಮವನ್ನು ನೇಗಿಲಿನ ಹಾಗೆ ಒತ್ತಿ ಹಿಡಿಯಬೇಕು. ಸೊಸೆ ಎರಡೇ ದಿನಕ್ಕೆ ಹಿಡಿತ ಸಾಧಿಸಿದಳು. ಮಗನಿಗೆ ಮೂರು ದಿನ ಬೇಕಾಯಿತು. ನಿಜವಾಗಿ ಕಲಿಯಬೇಕು ಅನ್ನುವವರಿಗೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಅಲ್ಲೇ ಇದೆ. 1968ರಲ್ಲಿ ಶುರುವಾದದ್ದು.

ನಮ್ಮ ಕಡೆಯ ಮಕ್ಕಳಿಗೆ ಇದೆಲ್ಲ ದೂರದ ಮಾತು ಅನ್ನಿಸಬಹುದು. ಆದರೆ ನಮ್ಮ ಹಾಗೇ ಕಾಫಿ ಬೆಳೆಯುವ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಕರ್ನಾಟಕದ ಪರವಾಗಿ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಚಿನ್ನ ಗೆದ್ದವರು. ಇಳಿಜಾರಿನಲ್ಲಿ ಜಾರುವುದಲ್ಲ ಅದು, ಹಿಮದ ಮೇಲೆ ಕಿಲೋಮೀಟರ್‌ಗಟ್ಟಲೆ ಕೈಕಾಲು ಎರಡೂ ದುಡಿಸಿ ಸಾಗುವ ಕಷ್ಟದ ಆಟ. ಕಾಫಿ ನಾಡಿನ ಹೆಣ್ಣುಮಗಳು ಅಲ್ಲಿ ಗೆದ್ದಿದ್ದಾರೆ ಅಂತ ಹೋಟೆಲಿನ ಹುಡುಗರಿಗೆ ಹೇಳಿದೆ. ಹೇಳುವಾಗ ನನಗೇ ಎದೆ ತುಂಬಿ ಬಂತು.

ಪಳಗಿದವರ ಲೋಕ ಬೇರೆಯೇ. ಅಫರ್ವತ್‌ನ ಮೇಲಿನ ಭಾಗದಲ್ಲಿ ಯಂತ್ರ ಓಡಿಸಿ ಹಿಮ ಸಮ ಮಾಡಿರುವುದಿಲ್ಲ. ಬಿದ್ದ ಹಿಮ ಹಿಟ್ಟಿನ ಹಾಗೆ ಹಾಗೇ ಇರುತ್ತದೆ. ಆ ಹಿಮಕ್ಕಾಗಿಯೇ ದೂರ ದೂರದ ದೇಶಗಳಿಂದ ಜನ ಬರುತ್ತಾರೆ. ಬೆನ್ನಿಗೆ ಚೀಲ, ಹಿಮದಡಿ ಸಿಕ್ಕಿದರೆ ಹುಡುಕಲು ಸಿಗ್ನಲ್ ಕೊಡುವ ಯಂತ್ರ, ಮಡಚುವ ಸಲಿಕೆ ಎಲ್ಲ ಇಟ್ಟುಕೊಂಡು ಮೊದಲ ಗೊಂಡೊಲಕ್ಕೆ ಸಾಲು ನಿಲ್ಲುತ್ತಾರೆ. ಕಾವಲು ಇರುವ ಭಾಗ ಬಿಟ್ಟು ಆಚೆ ಹೋದರೆ ಹಿಮಕುಸಿತದ ಅಪಾಯ ನಿಜ. 2023ರ ಫೆಬ್ರವರಿ 1ರಂದು ಪೋಲೆಂಡ್‌ನ ಇಬ್ಬರು ಸತ್ತರು. ನಾವು ಊರಿಗೆ ವಾಪಸ್ ಬಂದ ಮೇಲೆ, 2024ರ ಫೆಬ್ರವರಿ 22ರಂದು ರಷ್ಯಾದ ಒಬ್ಬರು ತೀರಿಹೋದರು. ಸ್ಕೀ ಚೆನ್ನಾಗಿ ಬರುತ್ತದೆ ಅನ್ನುವವರೂ ಅಲ್ಲಿನ ಗೈಡ್ ಇಲ್ಲದೆ ಆ ಕಡೆ ಕಾಲಿಡಬಾರದು.

ಇನ್ನು ನಮ್ಮ ಅತ್ತೆ. ಅವರ ವಿಷಯ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಈ ಪತ್ರ ಬರೆಯಲು ಕೂತದ್ದೇ ಅವರಿಂದ.

ಹೋಗುವ ಮುಂಚೆ, "ನಾನು ಯಾಕೆ ಬರಲಿ, ನಿಮಗೆಲ್ಲ ಭಾರ" ಅಂದಿದ್ದರು. ಗುಲ್ಮಾರ್ಗ್‌ಗೆ ಏರುವ ಮುಂಚೆ ಸಿಗುವ ತಂಗ್ಮಾರ್ಗ್‌ನಲ್ಲಿ ನಮ್ಮ ಗಾಡಿ ನಿಲ್ಲಿಸಿದರು. ಹಿಮ ಬಿದ್ದಾಗ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿ ಮಾತ್ರ ಮೇಲೆ ಬಿಡುವುದು. ಕೈಮರದಲ್ಲಿ ಕಾರು ಬಿಟ್ಟು ಜೀಪು ಹಿಡಿಯುವವರನ್ನು ದಿನಾ ನೋಡುವ ನಮಗೆ ಅದು ಹೊಸದೇನಲ್ಲ. ಅಲ್ಲೇ ಬಾಡಿಗೆಗೆ ಉದ್ದ ಬೂಟು, ದಪ್ಪ ಕೋಟು ಸಿಕ್ಕಿತು. ಮೇಲೆ ಹೋದಾಗ ಅತ್ತೆಗೆ ಮೊದಲು ಇಷ್ಟವಾದದ್ದು ಹಿಮ ಅಲ್ಲ, ಕಾಂಗ್ಡಿ. ಬೆತ್ತದ ಬುಟ್ಟಿಯೊಳಗೆ ಮಣ್ಣಿನ ಕುಡಿಕೆ, ಅದರಲ್ಲಿ ಕೆಂಡ. ಕಾಶ್ಮೀರಿಗಳು ಅದನ್ನು ಫೆರನ್ ಎನ್ನುವ ಉದ್ದ ನಿಲುವಂಗಿಯೊಳಗೆ ಹಿಡಿದುಕೊಂಡೇ ಓಡಾಡುತ್ತಾರೆ. "ಅಯ್ಯೋ, ಇದು ನಮ್ಮ ಅಗ್ಗಿಷ್ಟಿಕೆ ಕಣೇ. ಇವರು ಕಂಬಳಿ ಕೊಪ್ಪೆಯೊಳಗೇ ಇಟ್ಟುಕೊಂಡಿದ್ದಾರೆ" ಅಂದರು. ಹೋಟೆಲಿನವರು ಅವರಿಗೂ ಒಂದು ತಂದುಕೊಟ್ಟರು. ಆಮೇಲೆ ಅದನ್ನು ಬಿಡಲೇ ಇಲ್ಲ.

ಎರಡನೇ ದಿನ ಸ್ಲೆಡ್ಜ್‌ನವರು ಬಂದರು. ಮರದ ಚಿಕ್ಕ ಹಲಗೆ ಗಾಡಿ, ಮುಂದೆ ಹಗ್ಗ ಹಿಡಿದು ಒಬ್ಬರು ಎಳೆಯುತ್ತಾರೆ. ಅತ್ತೆ ಹತ್ತಲು ಒಪ್ಪಲಿಲ್ಲ. ಮನುಷ್ಯನ ಕೈಲಿ ಎಳೆಸಿಕೊಂಡು ಹೋಗುವುದು ಪಾಪ ಅಂತ. ನನಗೂ ಮುಜುಗರವೇ. ಎಳೆಯುವವರಿಗೆ ಐವತ್ತರ ಮೇಲೆ ಇರಬೇಕು. ನಮ್ಮ ಮಾತು ಅರ್ಥವಾಗದಿದ್ದರೂ ಮುಖ ನೋಡಿ ತಿಳಿದುಕೊಂಡರು. ನನಗೆ ಗೊತ್ತಿರುವ ಅರೆಬರೆ ಹಿಂದಿಯಲ್ಲಿ ಮಾತಾಡಿದೆ. ಆ ವರ್ಷ ಜನವರಿ ಹೆಚ್ಚುಕಡಿಮೆ ಪೂರಾ ಹಿಮವೇ ಬಿದ್ದಿರಲಿಲ್ಲವಂತೆ. ಡಿಸೆಂಬರ್ 21ರಿಂದ ನಲವತ್ತು ದಿನ ಅವರಿಗೆ ಚಿಲ್ಲೈ ಕಲಾನ್, ವರ್ಷದ ಗಡುಸಾದ ಚಳಿ. ಆ ನಲವತ್ತು ದಿನದಲ್ಲೇ ಹಿಮ ಬೀಳಬೇಕು, ಜನ ಬರಬೇಕು. ಬಯಲು ಒಣಗಿ ಕಂದು ಬಣ್ಣಕ್ಕೆ ಬಿದ್ದಿತ್ತು, ಬುಕಿಂಗ್ ಮಾಡಿದವರೆಲ್ಲ ರದ್ದು ಮಾಡಿದರು, ಸ್ಲೆಡ್ಜ್ ಗೋಡೆಗೆ ಒರಗಿಸಿ ಮನೆಯಲ್ಲಿ ಕೂತಿದ್ದೆ ಅಂದರು. ತಿಂಗಳ ಕೊನೆಗೆ ಹಿಮ ಬಂತು. ನಾವು ಬಂದದ್ದು ಅದಾದ ಮೇಲೆ.

ನಾನು ಇದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಅತ್ತೆಯ ಮುಖ ಬದಲಾಯಿತು. ಹೂ ಮಳೆ ಕೈ ಕೊಟ್ಟ ವರ್ಷ ನಮ್ಮ ಮನೆ ಹೇಗಿರುತ್ತದೆ ಅಂತ ಅವರಿಗೆ ಗೊತ್ತು. ಮಾರ್ಚ್ ತಿಂಗಳಲ್ಲಿ ಆಕಾಶ ನೋಡುತ್ತಾ ಕೂರುವುದು, ಮೊಗ್ಗು ಅರಳದೆ ಒಣಗುವುದು, ಸಾಲದ ಲೆಕ್ಕ. "ಕೂತುಕೊಳ್ಳುತ್ತೇನೆ ಅನ್ನು ಅವರಿಗೆ" ಅಂದರು. ಆ ಮನುಷ್ಯ ಹಲಗೆಯ ಮೇಲೆ ಕಂಬಳಿ ಮಡಚಿ ಹಾಕಿ, ಕೈ ಹಿಡಿದು ಕೂರಿಸಿ, ಏರು ಬಂದಲ್ಲಿ ನಿಂತು ನಿಂತು, ಬಯಲಿನ ನಡುವಿನ ದಿಬ್ಬದ ಶಿವ ದೇವಸ್ಥಾನದ ಬುಡದ ತನಕ ಕರೆದುಕೊಂಡು ಹೋದರು. ನೂರು ವರ್ಷ ದಾಟಿದ ದೇವಸ್ಥಾನ, ಕೆಂಪು ಇಳಿಜಾರು ಮಾಡು, ಸುತ್ತ ಬರೀ ಬಿಳಿ. ಮೆಟ್ಟಿಲು ಹತ್ತಲು ಆಗಲಿಲ್ಲ. ಕೆಳಗಿನಿಂದಲೇ ಕೈ ಮುಗಿದರು. ಅದೇ ವರ್ಷ ಜೂನ್‌ನಲ್ಲಿ ಆ ದೇವಸ್ಥಾನ ಬೆಂಕಿಯಲ್ಲಿ ಸುಟ್ಟುಹೋಯಿತು ಅಂತ ಪೇಪರಿನಲ್ಲಿ ಓದಿದಾಗ ಅತ್ತೆ ಕಣ್ಣೀರು ಹಾಕಿದರು. ಆ ಸ್ಲೆಡ್ಜ್‌ನವರಿಂದ ತಾನೇ ನಾನು ನೋಡಿದ್ದು ಅಂತ ಇವತ್ತಿಗೂ ನೆನೆಯುತ್ತಾರೆ.

ಮಾರನೇ ದಿನ ಅತ್ತೆ, ಮೊಮ್ಮಗಳು, ನಾನು ಮೊದಲ ಹಂತದ ಗೊಂಡೊಲ ಹತ್ತಿದೆವು. ಪೆಟ್ಟಿಗೆ ನಿಲ್ದಾಣದಲ್ಲಿ ಪೂರ್ತಿ ನಿಲ್ಲುವುದಿಲ್ಲ, ನಿಧಾನವಾಗಿ ಸರಿಯುತ್ತಲೇ ಇರುತ್ತದೆ. ಇಬ್ಬರು ಹುಡುಗರು ಎರಡೂ ಕಡೆ ಹಿಡಿದು ಅತ್ತೆಯನ್ನು ಹತ್ತಿಸಿದರು. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದಿರಬೇಕು, ಇದು ನೆನಪಿರಲಿ. ಹತ್ತು ನಿಮಿಷದಲ್ಲಿ ಕೊಂಗ್ಡೂರಿ. ಅಲ್ಲಿ ಎಷ್ಟು ತರದ ಜನ! ಮದುವೆಯಾಗಿ ವಾರ ಕಳೆಯದ ಜೋಡಿಗಳು, ಹಿಮದ ಉಂಡೆ ಹೊಡೆದಾಡುವ ಕಾಲೇಜು ಹುಡುಗರು, ಎರಡನೇ ಹಂತಕ್ಕೆ ಸ್ಕೀ ಹೊತ್ತು ಓಡುವ ವಿದೇಶಿಯರು, ಶ್ರೀನಗರದಿಂದ ಊಟ ಕಟ್ಟಿಕೊಂಡು ಬಂದ ಸ್ಥಳೀಯ ಸಂಸಾರಗಳು, ಮ್ಯಾಗಿ ಬೇಯಿಸುವ, ಚಹಾ ಕಾಯಿಸುವ ಅಂಗಡಿಗಳು. ಅತ್ತೆಗೆ ಒಂದು ಪ್ಲಾಸ್ಟಿಕ್ ಕುರ್ಚಿ ಸಿಕ್ಕಿತು. ಕಾಂಗ್ಡಿ ತೊಡೆಯ ಮೇಲೆ, ಕೈಯಲ್ಲಿ ಕೇಸರಿ, ಏಲಕ್ಕಿ ಹಾಕಿದ ಕಹ್ವಾ. ಎರಡು ಗಂಟೆ ಕೂತಿದ್ದರು. ಯಾರೂ ಏಳಿ ಅನ್ನಲಿಲ್ಲ. ಮೊಮ್ಮಗಳು ಹಿಮ ತಂದು ತಂದು ಮಡಿಲಿಗೆ ಹಾಕುತ್ತಿದ್ದಳು. "ದೊಡ್ಡಜ್ಜಿ, ಇದನ್ನ ಊರಿಗೆ ತಗೊಂಡು ಹೋಗೋಣ್ವಾ?" ಅಂತ ಕೇಳಿದಳು. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಒಂದು ಮಾತು: ಎರಡು ಜೊತೆ ಕೈಗವಸು ಇಟ್ಟುಕೊಳ್ಳಿ. ಒಂದು ಜೊತೆ ಅರ್ಧ ಗಂಟೆಯಲ್ಲಿ ಒದ್ದೆ, ಆಮೇಲೆ ಬೆರಳು ಮರಗಟ್ಟಿ ಮಗು ಅಳುವುದನ್ನು ನೋಡಲು ಆಗುವುದಿಲ್ಲ.

ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. ದರದ ಬಗ್ಗೆ ಚೌಕಾಸಿ ಮಾಡಲೇಬೇಕು, ಗೊಂಡೊಲದ ಹತ್ತಿರ ನೂಕುನುಗ್ಗಲು ಇದೆ, ಗಾಳಿ ಜಾಸ್ತಿಯಾದರೆ ಎರಡನೇ ಹಂತ ಮುಚ್ಚುತ್ತಾರೆ. ಹಿಮದ ನಂಬಿಕೆಯೂ ಕಮ್ಮಿಯಾಗುತ್ತಿದೆ. 2025ರ ಫೆಬ್ರವರಿಯಲ್ಲಿ ಹಿಮ ಸಾಲದೆ ಅಲ್ಲಿನ ಖೇಲೋ ಇಂಡಿಯಾ ಕೂಟವನ್ನೇ ಮಾರ್ಚ್‌ಗೆ ಮುಂದೂಡಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಕಾಶ್ಮೀರದ ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ನಮ್ಮ ಪಕ್ಕದ ಶಿವಮೊಗ್ಗದವರೂ ಅವರಲ್ಲಿದ್ದರು. ಆ ನೋವಿನ ಮುಂದೆ, ಹೋಗಿ ಅಂತ ಯಾರನ್ನೂ ಒತ್ತಾಯ ಮಾಡುವ ಧೈರ್ಯ ನನಗಿಲ್ಲ. ಹೋಗುವವರು ಪರಿಸ್ಥಿತಿ ವಿಚಾರಿಸಿಕೊಂಡೇ ಹೋಗಬೇಕು.

ಈಗ ನಮ್ಮೂರಿನ ಮಾತು.

ಹೋದ ಅಕ್ಟೋಬರ್‌ನಲ್ಲಿ ನಮ್ಮ ಹೋಂಸ್ಟೇಗೆ ಬೆಂಗಳೂರಿನಿಂದ ಒಂದು ಸಂಸಾರ ಬಂದಿತ್ತು. ಅಜ್ಜ, ಮಗ, ಸೊಸೆ, ಇಬ್ಬರು ಮಕ್ಕಳು. ಬೆಳಿಗ್ಗೆ ಐದಕ್ಕೇ ಎದ್ದು ಮುಳ್ಳಯ್ಯನಗಿರಿಗೆ ಹೋದರು. ಹತ್ತೂವರೆಗೆ ವಾಪಸ್ ಬಂದರು. ಮಕ್ಕಳು ತಿಂಡಿ ತಿನ್ನುತ್ತಾ ಫೋಟೊ ತೋರಿಸಿದರು. ಆ ಅಜ್ಜನಿಗೆ ಕಾಫಿ ಕೊಟ್ಟು, "ಹೇಗಿತ್ತು ಗಿರಿ?" ಅಂತ ಕೇಳಿದೆ. "ನಾನು ಗಾಡಿಯಲ್ಲೇ ಇದ್ದೆ ತಾಯಿ. ಗಾಜೆಲ್ಲ ಮಂಜು ಕಟ್ಟಿತ್ತು" ಅಂದರು. ಅಷ್ಟೇ. ಐದು ಗಂಟೆ ಅವರು ನೋಡಿದ್ದು ಒದ್ದೆ ಗಾಜು. ಅವರ ಜಾಗದಲ್ಲಿ ನನಗೆ ನಮ್ಮ ಅತ್ತೆ ಕಂಡರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದು ಒಬ್ಬರ ಕಥೆಯಲ್ಲ. ನಮ್ಮಲ್ಲಿಗೆ ಬರುವ ಎಷ್ಟೋ ಸಂಸಾರಗಳಲ್ಲಿ ಒಬ್ಬರು ಹೀಗೆ ಗಾಡಿಯಲ್ಲಿ ಕೂರುತ್ತಾರೆ. ಬಂದವರನ್ನೆಲ್ಲ ನಾವು ಒಂದೇ ತುದಿಗೆ ಕಳಿಸುತ್ತೇವೆ. ಹತ್ತಬಲ್ಲವರು ಹತ್ತುತ್ತಾರೆ, ಉಳಿದವರು ಕಾಯುತ್ತಾರೆ. ಶನಿವಾರ, ಭಾನುವಾರ ಆ ಇಕ್ಕಟ್ಟಿನ ರಸ್ತೆಯ ಅವಸ್ಥೆ ಎಲ್ಲರಿಗೂ ಗೊತ್ತು.

ನನಗೆ ಗಿರಿಗೆ ಕೇಬಲ್ ಕಾರು ಬೇಡ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಗುಲ್ಮಾರ್ಗ್‌ನಲ್ಲಿ ಚಳಿಗಾಲದಲ್ಲಿ ಹಿಮದಡಿ ಮಲಗುವ ಬಯಲಿದೆ. ಇಲ್ಲಿ ಇರುವುದು ಬೆಟ್ಟದ ಸಂದುಗಳಲ್ಲಿ ಬೆಳೆಯುವ ಶೋಲಾ ಕಾಡು, ಹುಲ್ಲುಗಾವಲು, ನಮ್ಮ ಹಳ್ಳ ಹೊಳೆಗಳ ತಾಯಿಬೇರು. ಕಂಬ ನೆಡಲು ಒಂದು ಸಲ ಮಣ್ಣು ಅಗೆದರೆ ಮಳೆಗಾಲದಲ್ಲಿ ಏನಾಗುತ್ತದೆ ಅಂತ ಈ ಬೆಟ್ಟದಲ್ಲಿ ಬದುಕುವವರಿಗೆ ಹೇಳಬೇಕಾಗಿಲ್ಲ.

ನಾನು ಕೇಳುವುದು ಚಿಕ್ಕದು. ಫ್ರಾನ್ಸ್‌ನ ಸ್ಕೀ ಊರುಗಳಲ್ಲಿ ಇಳಿಜಾರುಗಳಿಗೆ ಬಣ್ಣ ಕೊಟ್ಟಿರುತ್ತಾರಂತೆ. ಹಸಿರು ಅಂದರೆ ಹೊಸಬರಿಗೆ, ಆಮೇಲೆ ನೀಲಿ, ಕೆಂಪು, ಕಪ್ಪು ಪಳಗಿದವರಿಗೆ. ನಾಲ್ಕು ಬಣ್ಣ, ಓದು ಬಾರದವರಿಗೂ ಅರ್ಥವಾಗುತ್ತದೆ. ನಮ್ಮ ದಾರಿಗಳಿಗೂ ಹಾಗೆ ಮಾಡಬಹುದಲ್ವಾ? ಕೆಮ್ಮಣ್ಣುಗುಂಡಿಯ ಝೆಡ್ ಪಾಯಿಂಟ್ ಕಾಲು ಗಟ್ಟಿ ಇರುವವರಿಗೆ. ಅಯ್ಯನಕೆರೆಯ ಏರಿ, ಹಿರೇಮಗಳೂರಿನ ಕೋದಂಡರಾಮನ ಗುಡಿ, ಬೆಳವಾಡಿಯ ವೀರನಾರಾಯಣ ನಿಧಾನವಾಗಿ ನೋಡುವವರಿಗೆ. ಹಿರೇಮಗಳೂರಿನಲ್ಲಿ ಪೂಜೆ ಕನ್ನಡದಲ್ಲೇ ನಡೆಯುತ್ತದೆ, ಕೇಳುತ್ತಾ ಕೂತರೆ ಹಿರಿಯರಿಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಮಳೆ ಬಂದರೆ ಕಾಫಿ ಮ್ಯೂಸಿಯಂ ಇದೆ. ಮಕ್ಕಳು ಹಣ್ಣಿನಿಂದ ಪುಡಿಯ ತನಕ ನೋಡುತ್ತಾರೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕೈಮರದ ಚೆಕ್‌ಪೋಸ್ಟ್‌ನಲ್ಲಿ, ಹೋಂಸ್ಟೇಗಳಲ್ಲಿ ಕೊಡಬಹುದು. ನಮ್ಮ ಮನೆಗೆ ಬಂದವರಿಗೆ ನಾನು ಈಗಾಗಲೇ ಕೈಯಲ್ಲಿ ಬರೆದು ಕೊಡುತ್ತಿದ್ದೇನೆ.

ಸೀತಾಳಯ್ಯನಗಿರಿಯ ಹತ್ತಿರ ಗಾಡಿ ನಿಲ್ಲುವ ಕಡೆ, ಕಣಿವೆ ಕಾಣುವ ಹಾಗೆ, ಗಾಳಿಗೆ ಮರೆ ಇರುವ ಹಾಗೆ ಕೂರಲು ಒಂದು ಜಾಗ ಬೇಕು. ಹತ್ತಲಾಗದವರು ಗಾಡಿಯಿಂದ ಹತ್ತು ಹೆಜ್ಜೆ ನಡೆದು ಕೂತು, ಮೋಡ ಏರಿ ಬರುವುದನ್ನು ನೋಡುವಂತಿರಬೇಕು. ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ. ಅದಕ್ಕೆ ಕೋಟಿ ಬೇಡ, ಟೆಂಡರ್ ಬೇಡ. ಹೋದ ಮಳೆಗಾಲದಲ್ಲಿ ನಮ್ಮ ತೋಟದಲ್ಲಿ ಒಂದು ಹಳೆಯ ಹಲಸಿನ ಮರ ಬಿತ್ತು. ಮನೆಯವರು ಅದನ್ನು ಹಲಗೆ ಮಾಡಿಸಿ ಕೊಟ್ಟಿಗೆಯಲ್ಲಿ ಒಣಗಲು ಇಟ್ಟಿದ್ದಾರೆ. ಉದ್ದದ ಬೆಂಚು ಎರಡು ಆಗುತ್ತದೆ ಅಂತ ಆಚಾರಿ ಹೇಳಿದ್ದಾರೆ. ಮಾಡಿಸುವ ಕೂಲಿ, ಸಾಗಿಸುವ ಜೀಪಿನ ಬಾಡಿಗೆ ನಾವೇ ಕೊಡುತ್ತೇವೆ. ಎಲ್ಲಿ ಇಡಬಹುದು ಅಂತ ಸಂಬಂಧಪಟ್ಟವರು ಒಂದು ಸಲ ಬಂದು ಜಾಗ ತೋರಿಸಲಿ. ಅತ್ತೆಗೆ ಈಗ ಎಂಬತ್ತು, ಈ ಮಳೆಗಾಲಕ್ಕೆ ಮುಂಚೆ ಆದರೆ ಅವರನ್ನು ಅಲ್ಲಿ ಕೂರಿಸಬೇಕು ಅಂತ ಆಸೆ.

ಇಂತಿ,
ಹೋಂಸ್ಟೇ ನಡೆಸುವ ಓದುಗಿ
ಕೈಮರ, ಚಿಕ್ಕಮಗಳೂರು ತಾಲ್ಲೂಕು